ಅಕ್ಕನ ಒತ್ತು ಎಲ್ಲಿ ಹೋತು?

ಮಹಾರಾಷ್ಟ್ರದ ಗಡಿಯಲ್ಲಿರುವ ಮಿರಜ ತಾಲ್ಲೂಕಿನ ಖಂಡೇರಾಜುರಿಯ ಕಟ್ಟೆಯ ಮೇಲೆ ಇಬ್ಬರನ್ನು ಕೂರಿಸೋಣ: ಟ್ಯಾಬ್ ಹಿಡಿದ ಸಾಹೇಬರು, ಸೀಮೆಸುಣ್ಣ ಹಿಡಿದ ಕನ್ನಡದ ಗುರುಗಳು. ಇಬ್ಬರೂ ಕಲ್ಪಿತರು, ವಾದ ಮಾತ್ರ ಅಸಲಿ. “ಗುರುಗಳ, ಆನ್‌ಲೈನ್‌ನಾಗ ನಾಕ ಚಿತ್ರ ಒತ್ತಿದ್ರ ಪುಸ್ತಕಾನ ತಯಾರ ಆಗತೈತಿ. ಇನ್ನ ಪಾಟಿ ಯಾಕ್ರೀ?” “ಖರೆ ಸಾಹೇಬ್ರ, ಪುಸ್ತಕ ಆತು. ಕತಿ ಎಲ್ಲೈತ್ರೀ?”

ಗುರುಗಳ ಕೊಂಕಿನಲ್ಲಿ ತಿರುಳಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಪಠ್ಯ ಅಚ್ಚುಹಾಕುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಸಿದ್ಧಚಿತ್ರ ಆರಿಸಿ ಕನ್ನಡದಲ್ಲೂ ಮರಾಠಿಯಲ್ಲೂ ಕತೆ ಕಟ್ಟಬಹುದು. ಗಡಿಯ ಮಗುವಿಗೆ ಒಂದೇ ಚಿತ್ರಕ್ಕೆ ಎರಡು ಮಾತು ಹೊಂದಿಸುವುದು ಒಳ್ಳೆಯ ಕಸರತ್ತು. ಆದರೆ ಚಿತ್ರ ಹುಡುಕುವುದರಲ್ಲೇ ತಾಸು ಮುಗಿದರೆ ಅದು ಭಾಷೆಯ ತರಗತಿಯಲ್ಲ, ಸಂತೆ. ಮೇಲಾಗಿ, ಒತ್ತಕ್ಷರ ಕೂಡಿಸಲು ಬಾರದ ತಂತ್ರಾಂಶಗಳೂ ಇವೆ: ಮಗು ‘ಅಕ್ಕ’ ಎಂದು ಬರೆದರೆ ತೆರೆಯ ಮೇಲೆ ‘ಅಕ್‌ಕ’. ಒತ್ತನ್ನು ಈಗಷ್ಟೇ ಕಲಿಯುತ್ತಿರುವ ಮಗು ಯಂತ್ರವನ್ನು ನಂಬಬೇಕೋ, ಗುರುಗಳನ್ನೋ? “ಹಂಗಂದ್ರ ಎಲ್ಲಾ ಬಂದ್ ಮಾಡೋಣೇನ್ರೀ?” ಎಂದು ಸಾಹೇಬರು ಮುನಿಯಬಹುದು. ಖಂಡಿತ ಬೇಡ. ಮಿರಜದ ತಂಬೂರಿ ದೇಶಕ್ಕೆಲ್ಲ ಹೆಸರುವಾಸಿ, 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೂ ಹಾಡುವವರು ಬಾಯಿ ತೆರೆಯಲೇಬೇಕಲ್ಲ! ಮಗು ಮೊದಲು ತನ್ನ ಮನೆಮಾತಿನ ಲಯದಲ್ಲಿ ಕತೆ ಹೇಳಲಿ, ಪಾಟಿಯ ಮೇಲೆ ಗೀಚಲಿ, ಆಮೇಲೆ ತೆರೆಗೆ ಏರಿಸಲಿ. ಅದಕ್ಕೂ ಮುನ್ನ ಸಾಹೇಬರು ದಯವಿಟ್ಟು ‘ಅಕ್ಕ’ ಎಂದು ಒಮ್ಮೆ ಟೈಪ್ ಮಾಡಿ ನೋಡಲಿ.