ಕೂಸಿನ ಯುರೋಪು, ಅಜ್ಜಿಯ ಸೊಂಟ

ಕೂಸಿಗೆ ಎರಡು ತುಂಬುವುದರೊಳಗೆ ಮುಗಿಸಬೇಕಾದ ಶಾಸ್ತ್ರಗಳು ನಮ್ಮ ಕಡೆ ಮೊದಲು ಕೆಲವೇ ಇದ್ದವು: ತೊಟ್ಟಿಲಿಗೆ ಹಾಕುವುದು, ಕಿವಿ ಚುಚ್ಚಿಸುವುದು, ಮನೆದೇವರಿಗೆ ಮುಡಿ ಕೊಡುವುದು. ಈಗ ಇನ್ನೊಂದು ಸೇರಿಕೊಂಡಿದೆ. ಯುರೋಪು. ಇದನ್ನು ವಿಧಿಸಿದ್ದು ಪಂಚಾಂಗವಲ್ಲ, ವಿಮಾನ ಕಂಪನಿಗಳು. ಎರಡು ತುಂಬದ ಮಗು ದೊಡ್ಡವರ ತೊಡೆ ಮೇಲೆ ಕೂತರೆ ದೂರದ ವಿಮಾನಗಳಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ದರ. ತುಂಬಿತೋ, ಅದಕ್ಕೂ ಒಂದು ಸೀಟು ಕೊಳ್ಳಬೇಕು. ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, ಆರು ತುಂಬದವರಿಗೆ ಪುಕ್ಕಟೆ. ಇಷ್ಟು ಅಗ್ಗದ ಪ್ರವಾಸಿಯನ್ನು ಮನೆಯಲ್ಲಿ ಮಲಗಿಸಿ ತೂಗುವುದು ಶುದ್ಧ ದುಂದು ಎಂದು ಬೆಂಗಳೂರು ಸೇರಿದ, ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಮಾಕವಳ್ಳಿಯ ಹುಡುಗರಿಗೆ ಹೊಳೆದುಬಿಟ್ಟಿದೆ.

ತೊಡೆ ಯಾರದು ಅನ್ನುವುದೊಂದೇ ಉಳಿದ ಪ್ರಶ್ನೆ.

ನಮ್ಮ ಬೀದಿಯ ಹುಡುಗನೊಬ್ಬ ಅದಕ್ಕೆ ಉತ್ತರ ಕಂಡುಕೊಂಡ. ಮಗಳು ಹುಟ್ಟಿದಂದಿನಿಂದ ಅವನು ಮಾಕವಳ್ಳಿಗೆ ಬಂದವನಲ್ಲ. ಬಾ ಅಂದರೆ ಧೂಳು, ಸೊಳ್ಳೆ, ಸೀಸನ್ ಶುರುವಾದರೆ ಫ್ಯಾಕ್ಟರಿ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲು. ಮೂರು ನಾಲ್ಕು ಗಂಟೆ ಕಾರಿನಲ್ಲಿ ಕೂತರೆ ಕೂಸಿಗೆ ಆಗಿಬರಲ್ಲವಂತೆ. ಇಂಥವನು ಒಂದು ಸಂಜೆ ಫೋನು ಮಾಡಿ, “ಅವ್ವಾ, ನಿಂಗೂ ಅಪ್ಪಂಗೂ ಯುರೋಪ್ ತೋರಿಸ್ತೀನಿ” ಅಂದ. ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಮಗ ಅಂದ್ರೆ ಇವ್ನು ಕಣಪ್ಪಾ ಅಂದರು. ತಿಂಗಳಿಗೆ ಇಷ್ಟೆಂದು ಕೊಟ್ಟು ಆಯಾ ಇಟ್ಟುಕೊಂಡರೆ ಅವಳಿಗೂ ಟಿಕೆಟ್ ತೆಗೆಯಬೇಕು, ಸಂಬಳವನ್ನೂ ಕೊಡಬೇಕು ಅನ್ನುವ ಲೆಕ್ಕ ಆ ಹೊತ್ತಿಗೆ ಯಾರಿಗೂ ಬರಲಿಲ್ಲ.

ಮೊದಲು ಕೂಸಿನ ಪಾಸ್‌ಪೋರ್ಟು. ಹಿಂದೆ ಬಿಳಿ ಬಣ್ಣ ಇರಬೇಕು, ಕಣ್ಣು ತೆರೆದಿರಬೇಕು, ಬೇರೆ ಯಾರೂ ಕಾಣಬಾರದು. ಆರು ತಿಂಗಳ ಕೂಸು ತಾನಾಗಿ ನೆಟ್ಟಗೆ ಕೂರುತ್ತದೆಯೇ? ಬೆಂಗಳೂರಿನ ಫ್ಲ್ಯಾಟಿನಲ್ಲಿ ಅಜ್ಜ ತನ್ನ ಮಡಿಪಂಚೆಯನ್ನು ಪರದೆಯಂತೆ ಎತ್ತಿ ಹಿಡಿದು ನಿಂತ. ಅಜ್ಜಿ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಂಚೆಯ ಸಮೇತ ಕೈ ಒತ್ತಿ ಕೂಸಿನ ಬೆನ್ನಿಗೆ ಆನಿಕೆ ಕೊಟ್ಟಳು. ಮೊದಲ ಫೋಟೊದಲ್ಲಿ ಅಜ್ಜನ ಎರಡು ಬೆರಳು ಅಂಚಿನಲ್ಲಿ ಬಂದವು. ಮಗ ಅದನ್ನು ಅಳಿಸಿ, “ಅಪ್ಪಾ, ಕಾಣಿಸ್ಕೋಬೇಡ” ಅಂದ. ಮುಂದಿನ ಇಡೀ ಪ್ರವಾಸದ ನಿಯಮಾವಳಿ ಈ ಒಂದು ಮಾತಿನಲ್ಲೇ ಇತ್ತು.

ಆಮೇಲೆ ವೀಸಾ. ಹನ್ನೆರಡು ತುಂಬದ ಮಕ್ಕಳಿಗೆ ಬೆರಳಚ್ಚು ಬೇಡ, ಅಜ್ಜಿಗೆ ಬೇಕು. ಕೂಸಿನ ಹತ್ತು ಬೆರಳಲ್ಲೂ ಹೊಚ್ಚ ಹೊಸ ಗೆರೆಗಳು, ಯಾರೂ ಕೇಳಲಿಲ್ಲ. ಕಬ್ಬಿನ ರವುದಿ ಬಳಿದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಸವೆದ ಅಜ್ಜಿಯ ಬೆರಳನ್ನು ಯಂತ್ರ ಗುರುತಿಸಲೊಲ್ಲದು. ಅಜ್ಜಿ ಗಾಬರಿಯಾಗಲಿಲ್ಲ. ಸೊಸೈಟಿಯಲ್ಲಿ ಅಕ್ಕಿ ಕೊಡುವಾಗಲೂ ಇದೇ ಕಥೆ; ಹೆಬ್ಬೆಟ್ಟನ್ನು ತಲೆಗೂದಲಿಗೆ ಉಜ್ಜಿ ಎಣ್ಣೆ ಮಾಡಿಕೊಂಡು ಮತ್ತೆ ಒತ್ತಿದಳು. ಹಸಿರು ದೀಪ ಹತ್ತಿತು. ಸಾಗುವಳಿಗೆ ಸಾಕ್ಷಿಯಾಗಿ ಲಗತ್ತಿಸಿದ ಪಹಣಿಯನ್ನು ಯುರೋಪಿನ ಯಾವ ಅಧಿಕಾರಿ ಯಾವ ಕನ್ನಡಕ ಹಾಕಿಕೊಂಡು ಓದಿದನೋ ದೇವರೇ ಬಲ್ಲ.

ಅಜ್ಜಿ ಕಟ್ಟಿಕೊಂಡ ಗಂಟಿನ ಕಥೆಯೇ ಬೇರೆ. ರಾಗಿ ಸರಿಗೆ ಹಾಕಲು ಮನೆ ಎಮ್ಮೆಯ ತುಪ್ಪ ಒಂದು ಡಬ್ಬ ತುಂಬಿಸಿದ್ದಳು. ಹೊರದೇಶದ ಪ್ರಯಾಣಿಕರು ಹಾಲು, ಮಾಂಸ, ಅವುಗಳಿಂದ ಮಾಡಿದ ಪದಾರ್ಥ ತರಕೂಡದೆಂದು ಯುರೋಪಿಯನ್ ಒಕ್ಕೂಟದ ಕಟ್ಟಳೆ. ಡಬ್ಬಿಯ ಹಾಲಿನ ಪುಡಿ ಮಾತ್ರ ಕೂಸಿನ ಹೆಸರಲ್ಲಿ ಎರಡು ಕೆಜಿವರೆಗೆ ನಡೆಯುತ್ತದೆ. ತುಪ್ಪ ಬೆಂಗಳೂರಿನಲ್ಲೇ ಉಳಿಯಿತು. ಕರಿಬೇವಿಗೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕಂತೆ. ಆದರೆ ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ಯಾವ ಕಾಗದವೂ ಬೇಡ. ತೆಂಗಿನಕಾಯಿ ಬಿಡ್ತಾರೆ ಅಂತ ಕೇಳಿ ಅಜ್ಜಿಗೆ ಯುರೋಪಿನ ಮೇಲೆ ಸ್ವಲ್ಪ ಗೌರವ ಬಂತು. ಎರಡು ಕಾಯಿ ಹಾಕಿಕೊಂಡಳು.

ಪ್ಯಾರಿಸ್‌ನಲ್ಲಿ ಎದುರಾದದ್ದು ಕೂಸಿನ ಗಾಡಿಯ ಸಮಸ್ಯೆ. ಮಡಿಚುವ ಹಗುರ ಗಾಡಿಯನ್ನು 1965ರಲ್ಲಿ ರೂಪಿಸಿದ ಓವೆನ್ ಮೆಕ್ಲಾರೆನ್, ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಕೆಲಸ ಮಾಡಿದ್ದ ಎಂಜಿನಿಯರು. ವಿಮಾನ ಇಳಿಸಿದ ಆ ವಿದ್ಯೆಗೆ ಪ್ಯಾರಿಸ್ ಮೆಟ್ರೊದ ಮೆಟ್ಟಿಲು ಹತ್ತುವ ತಾಕತ್ತಿಲ್ಲ. 1900ರಲ್ಲಿ ಶುರುವಾದ ಮೆಟ್ರೊ ಅದು. ಹಳೇ ನಿಲ್ದಾಣಗಳಲ್ಲಿ ಬಹುಪಾಲಿಗೆ ಲಿಫ್ಟ್ ಇಲ್ಲ. ಗೊಬ್ಬರದ ಮೂಟೆ ಹೊತ್ತು ಪಳಗಿದ ಅಜ್ಜನ ಹೆಗಲಿಗೆ ಗಾಡಿ ಏರಿತು, ಅಜ್ಜಿಯ ಸೊಂಟಕ್ಕೆ ಕೂಸು ಏರಿತು. ಮಗ ಸೊಸೆ ಮುಂದೆ ಮುಂದೆ ಮೊಬೈಲಿನಲ್ಲಿ ದಾರಿ ನೋಡುತ್ತಾ ಹೋದರು. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. ಅಲ್ಲಿಯ ಮಾತು ಬೇಡ.

ಐಫೆಲ್ ಗೋಪುರ 1889ರದ್ದು, ಎತ್ತರ 330 ಮೀಟರ್. ಅಜ್ಜಿಗೆ ಈ ಅಂಕಿ ನನ್ನಿಂದ ಗೊತ್ತಾಯಿತು. ಅವಳು ಕಂಡದ್ದು ಬುಡ. ಮೇಲೆ ಗಾಳಿ, ಕೂಸಿಗೆ ಶೀತವಾದೀತು ಎಂದು ಅಜ್ಜಿಯನ್ನೂ ಕೂಸನ್ನೂ ಕೆಳಗೆ ಬೆಂಚಿನ ಮೇಲೆ ಕೂರಿಸಿ ಹೋದವರು ಹೊತ್ತು ಮುಳುಗುವಾಗ ಇಳಿದರು. ಅಷ್ಟರಲ್ಲಿ ಕೂಸು ಎರಡು ಸಲ ಒದ್ದೆ ಮಾಡಿ ಒಂದು ಸಲ ನಿದ್ದೆ ಮಾಡಿತ್ತು. ಇಳಿದವರೇ ಕೂಸನ್ನು ಎತ್ತಿಕೊಂಡು, ಕೆನ್ನೆ ತಟ್ಟಿ ಎಬ್ಬಿಸಿ, ಗೋಪುರದ ಮುಂದೆ ಹಿಡಿದರು. ‘ನಮ್ಮ ಕಂದನ ಕಣ್ಣಲ್ಲಿ ಪ್ಯಾರಿಸ್’ ಎಂಬ ಸ್ಟೇಟಸ್ ಮಾಕವಳ್ಳಿಯ ಅರ್ಧ ಊರು ನೋಡಿತು. ಬೆಂಚು ಎಡಗಡೆ ಇತ್ತು. ಫೋಟೊ ಬಲಕ್ಕೆ ಕತ್ತರಿಸಿದ್ದರು.

ಸ್ವಿಟ್ಜರ್ಲೆಂಡಿನಲ್ಲೂ ಇದೇ. ಯುಂಗ್‌ಫ್ರಾವ್ ಶಿಖರದ ಮಗ್ಗುಲಿನ ರೈಲು ನಿಲ್ದಾಣ 3454 ಮೀಟರ್ ಮೇಲೆ, 1912ರಿಂದ ಇದೆ. ಅಲ್ಲಿ ಬಾಲಿವುಡ್ ಎಂಬ ಹೆಸರಿನ ಹೋಟೆಲೂ ಉಂಟು. ಅಷ್ಟೆತ್ತರ ಕೂಸಿಗೆ ಬೇಡ ಎಂಬ ವಿವೇಕ ಮಗನಿಗಿತ್ತು, ಪುಣ್ಯ. ಆದ್ದರಿಂದ ಬೆಂಚು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆಯನ್ನಾದರೂ ನೋಡೋಣ ಅಂತ ಅಜ್ಜ ಆಸೆಪಟ್ಟ. ಇಂಗ್ಲೆಂಡಿಗೆ ಬೇರೆ ವೀಸಾ, ಅಲ್ಲಿ ಕೂಸಿಗೂ ಪೂರ್ತಿ ಶುಲ್ಕ. ಬಸವಣ್ಣನನ್ನು ಕೈಬಿಟ್ಟರು.

ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದರು. ಅಪರವಯಸ್ಕೆಯೊಬ್ಬಳ ಯುರೋಪ್ ಯಾತ್ರೆ ಇನ್ನೂ ಬರಬೇಕಾಗಿದೆ. ಬರೆಯಲು ಕೈ ಖಾಲಿ ಇರಬೇಕು.

ಕೂಸು ಕಟ್ಟಿಕೊಂಡು ದೂರ ಹೋಗುವುದು ಕೆ.ಆರ್. ಪೇಟೆಗೆ ಹೊಸದೇನಲ್ಲ ಅನ್ನಿ. ಹೊಟ್ಟೆಪಾಡಿಗೆ ಮುಂಬೈ ಸೇರಿದ ಎಷ್ಟೋ ಸಂಸಾರಗಳು ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಸಿಕ್ಕಿದ ಗಾಡಿ ಹತ್ತಿ ವಾಪಸ್ ಬಂದವು. ಮಡಿಲ ಕೂಸುಗಳು ಹಾಸ್ಟೆಲ್‌ಗಳ, ಸ್ಕೂಲುಗಳ ಕ್ವಾರಂಟೈನಿನಲ್ಲಿ ದಿನ ಕಳೆದವು. ಗಡಿ ದಾಟಲು ಅವರಿಗೂ ಪಾಸು ಬೇಕಿತ್ತು, ಅವರ ಗಂಟಲ ದ್ರವವನ್ನೂ ತೆಗೆದರು. ಆ ಪ್ರಯಾಣದ ಫೋಟೊ ಯಾರ ಸ್ಟೇಟಸ್‌ನಲ್ಲೂ ಕಾಣಲಿಲ್ಲ. ಬಂದವರನ್ನು ಕಂಡು ಊರು ಆಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು.

ಅಜ್ಜಿ ಬಂದಾಗ ಮಾತ್ರ ಬೀದಿಯ ಹೆಂಗಸರೆಲ್ಲ ಜಗುಲಿ ತುಂಬಿದರು. “ಯುರೋಪ್ ಹೆಂಗೈತವ್ವಾ?”

“ಬೆಂಚುಗಳು ಬೋ ಸಂದಾಗವೆ ಕಣ್ರವ್ವಾ. ಆನ್ಕಳಕ್ಕೂ ಅದೆ.”

ಮೊನ್ನೆ ಮತ್ತೆ ಫೋನು ಬಂತು. ಸೊಸೆ ಎರಡನೇದಕ್ಕೆ ಬಸುರಿ. ಈ ಸಲ ಜಪಾನಂತೆ. “ಚೆರ್ರಿ ಹೂವು ನೋಡ್ಬಹುದು ಅವ್ವಾ.” ಅಜ್ಜಿ ಗಂಡನ ಮುಖ ನೋಡಿದಳು, ಅಜ್ಜ ತನ್ನ ಹೆಗಲು ನೋಡಿಕೊಂಡ.

“ಆಗಕ್ಕಿಲ್ಲ ಕಣ್ ಮಗ, ಫ್ಯಾಕ್ಟರಿಯಿಂದ ಕಬ್ಬಿನ ಕಟಿಂಗ್ ಆರ್ಡರ್ ಬಂದದೆ” ಅಂದಳು ಅಜ್ಜಿ. ಕಬ್ಬಿಗೆ ಇನ್ನೂ ಐದು ತಿಂಗಳು.