ಜಗಲಿ ಮೀಮಾಂಸೆ

ಯಾವ ಶಾಸ್ತ್ರಕ್ಕೂ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಬೇಕು. ಪ್ರಕೃತ ಶಾಸ್ತ್ರದ ವಿಷಯ, ಒಂದೇ ಸೂರಿನಡಿ ಅಜ್ಜಿ, ಮಗ, ಮೊಮ್ಮಗ ಪರಸ್ಪರ ಹೇಳಿಕೊಡುವ ಪಾಠ. ಅಧಿಕಾರಿ, ಬೈಸಿಕೊಳ್ಳಲು ಸಿದ್ಧನಾದವನು. ಉಳಿದೆರಡು ಊಟದ ಹೊತ್ತಿಗೆ ತಾವಾಗಿ ತಿಳಿಯುತ್ತವೆ.

ಮೊದಲು ದೇಶನಿರ್ಣಯ. ತಮಿಳುನಾಡಿನ ಡೆಂಕಣಿಕೋಟೆ ಸೀಮೆಯ ಒಂದು ಕನ್ನಡ ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜಿ ಅಲ್ಲಿಗೆ ಸೊಸೆಯಾಗಿ ಬಂದಾಗ ಅದು ಸೇಲಂ ಜಿಲ್ಲೆ. ಮಗ ಹುಟ್ಟುವಾಗ ಧರ್ಮಪುರಿ. ಮೊಮ್ಮಗ ಹುಟ್ಟುವಾಗ ಕೃಷ್ಣಗಿರಿ. ಹೊಸ್ತಿಲು ಒಂದಂಗುಲವೂ ಸರಿದಿಲ್ಲ. ಗುಳೆ ಹೋದದ್ದು ಜಿಲ್ಲೆ, 1965ರಲ್ಲೊಮ್ಮೆ, 2004ರಲ್ಲೊಮ್ಮೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರನ್ನು ಯಾವ ಜಿಲ್ಲೆಯ ಲೆಕ್ಕಕ್ಕೆ ಬರೆಯಬೇಕೆಂಬ ಜಿಜ್ಞಾಸೆಯೂ ಹೀಗೆ ಹುಟ್ಟಿದ್ದೇ. 1799ರ ಆಚೆಗೆ ಹೋದರೆ ಟಿಪ್ಪುವಿನ ರಾಜ್ಯ ಸಿಗುತ್ತದೆ. ಅಷ್ಟು ಹಿಂದಕ್ಕೆ ಹೋಗುವವರಿಗೆ ದನ ಕಟ್ಟುವ ಕೆಲಸವಿಲ್ಲವೆಂದು ಅಜ್ಜಿಯ ಮತ.

ಇನ್ನು ಲಿಪಿವಿಚಾರ. ಮೂವರ ಮಾತೂ ಕನ್ನಡವೇ. ಅಜ್ಜಿಗೆ ಯಾವ ಅಕ್ಷರವೂ ಬಾರದು. ಮಗನಿಗೆ ಕನ್ನಡ, ಮೊಮ್ಮಗನಿಗೆ ತಮಿಳು. ಶಾಲೆಯಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಲ್ಲಿ ಹೊರಟು ವರ್ಷಕ್ಕೊಂದು ಮೆಟ್ಟಿಲಂತೆ ಹತ್ತನೆಯದನ್ನು ಹತ್ತಿದೆಯಷ್ಟೆ. ಹಾಗಾಗಿ ಆನೇಕಲ್ಲಿನ ನೆಂಟರ ಲಗ್ನಪತ್ರಿಕೆ ಬಂದರೆ ಮಗ ಓದಬೇಕು, ಬಸ್ಸಿನ ಬೋರ್ಡನ್ನು ಮೊಮ್ಮಗ ಓದಬೇಕು, ಇಬ್ಬರೂ ಓದಿದ್ದು ಸರಿಯೋ ತಪ್ಪೋ ಎಂದು ಅಜ್ಜಿ ತೀರ್ಪು ಕೊಡಬೇಕು.

ಪ್ರಯೋಗ ನೋಡಿ.

“ಅಜ್ಜೀ, ಇದು ಅಂಚೆಟ್ಟಿ ಬಸ್ಸಲ್ಲ, ತಳಿ ಬಸ್ಸು.”

“ನಿನ್ ಬೋರ್ಡು ಏನಾರ ಬೊಗಳ್ಲಿ. ಡ್ರೈವರ್ ಮೀಸೆ ನಾನು ಕಾಣ್ದೇ ಇರೋದಾ? ಹತ್ಲಾ.”

ಬಸ್ಸು ತಳಿಗೇ ಹೋಯಿತು. ಅಂದಿನಿಂದ ಅಜ್ಜಿಗೆ ಕಣ್ಣು ಮಂಜು. “ವಸಿ ಓದ್ಲಾ” ಎನ್ನುವುದು ಆ ಮಂಜಿನ ದೆಸೆಯಿಂದಲೇ ಹೊರತು ಬೇರೆ ಕಾರಣದಿಂದಲ್ಲ.

ಪ್ರತಿಪ್ರಯೋಗ ಒಲೆಯ ಮುಂದೆ. ಮೊಮ್ಮಗ ರಾಗಿಹಿಟ್ಟು ಸುರಿದವನೇ ಕೋಲಾಡಿಸಿದ. ಮುದ್ದೆಯ ತುಂಬ ಗಂಟು. “ಈ ಗಂಟು ನಿಮ್ ತಾತ ತಿಂದಿದ್ರೆ ನೀನು ಹುಟ್ತಾನೇ ಇರ್ಲಿಲ್ಲ.” ಕುದಿಯುವ ಎಸರಿನ ನಡುವೆ ಹಿಟ್ಟನ್ನು ಗುಪ್ಪೆಯಾಗಿ ಸುರಿದು, ಬೇಯಲು ಬಿಟ್ಟು, ಆಮೇಲೆ ತೊಳಸಬೇಕೆಂಬ ಸಮಸ್ತ ವಿಧಿಯೂ ಈ ಒಂದೇ ಸೂತ್ರದಲ್ಲಿ ಅಡಗಿದೆ. ಭಾಷ್ಯವನ್ನು ಶಿಷ್ಯನೇ ಕೈ ಸುಟ್ಟುಕೊಂಡು ಬರೆದುಕೊಳ್ಳತಕ್ಕದ್ದು.

ಹೊಗಳಿದರೂ ಮಕ್ಕಳು ಕಲಿಯುತ್ತಾರಲ್ಲ ಎಂಬುದು ಪೂರ್ವಪಕ್ಷ. ಸಲ್ಲದು. ಅಜ್ಜಿ ಹೊಗಳಿದ ದಿನ ಮನೆಯವರೆಲ್ಲ ಅವಳ ಹಣೆ ಮುಟ್ಟಿ ಜ್ವರ ನೋಡುತ್ತಾರೆ.

ಮಗನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಆತ ಎರಡೂ ಕಡೆಯಿಂದ ಬೈಸಿಕೊಂಡು ಉಭಯವೇದಾಂತಿಯಾಗಿದ್ದಾನೆ.

ಸೊಸೆಯ ಸಿದ್ಧಾಂತವನ್ನೂ ಸಂಗ್ರಹಿಸೋಣವೆಂದು ಶಾಸ್ತ್ರಕಾರ ಅಡುಗೆಮನೆಗೆ ಹೋದ. ಆಕೆ ಉತ್ತರ ಕೊಡಲಿಲ್ಲ, ಮುದ್ದೆಕೋಲು ಕೊಟ್ಟಳು.