ಹಲಸು ಬಿಟ್ಟಿ, ಬಿಸಿಲು ಬಿಟ್ಟಿ

ಮಲೆನಾಡಿನ ಮನೆಯಲ್ಲಿ ಹಲಸಿನ ಹಪ್ಪಳದ ಉದ್ದಿಮೆ ಶುರುಮಾಡಲು ಬಂಡವಾಳ ಬೇಕಾಗಿಲ್ಲ. ಜಗಲಿಯಲ್ಲಿ ಕವಳ ಹಾಕುತ್ತ ಕೂತ ಒಬ್ಬ ಯಜಮಾನರಿದ್ದರೆ ಸಾಕು. ‘ಹಲಸು ನಮ್ಮ ತೋಟದ್ದೇ, ಬಿದ್ದು ಕೊಳೀತದೆ. ಬಿಸಿಲಿಗೆ ದುಡ್ಡು ಕೊಡಬೇಕಾ? ಮಾಡೋರು ಮನೆಯವರೇ. ಇನ್ನು ಖರ್ಚು ಎಂತದು?’ ಕವಳ ಉಗಿಯುವಷ್ಟರಲ್ಲಿ ಕಚ್ಚಾವಸ್ತು, ಇಂಧನ, ಕೂಲಿ ಮೂರಕ್ಕೂ ಸೊನ್ನೆ ಬಿತ್ತು. ಕಾಸ್ಟ್ ಅಕೌಂಟೆನ್ಸಿ ಓದಿ ಓದಿ ಕನ್ನಡಕದ ನಂಬರು ಏರಿಸಿಕೊಳ್ಳುವ ಮಕ್ಕಳು ಒಮ್ಮೆ ಈ ಜಗಲಿಗೆ ಬಂದು ಹೋಗಬೇಕು.

ಇವರಿಗೆ ಲೆಕ್ಕ ಬರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಕೊನೆಗೌಡನಿಗೆ ಮರ ಹತ್ತಿ ಅಡಿಕೆ ಕೊನೆ ಇಳಿಸಲು ಎಷ್ಟು, ಕೊಳೆ ಔಷಧಿ ಹೊಡೆಯುವವನಿಗೆ ದಿನಕ್ಕೆ ಎಷ್ಟು, ಅಡಿಕೆ ಸುಲಿಯುವ ಹೆಂಗಸರಿಗೆ ಕಿಲೋಗೆ ಎಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತಾರೆ. ಅಂಗಳದಲ್ಲಿ ಕೂತು ಅಡಿಕೆ ಸುಲಿದರೆ ಅದು ಕೂಲಿ. ಅದೇ ಮನೆಯ ಹಿತ್ತಿಲಲ್ಲಿ ಕೂತು ಹಲಸು ಬಿಡಿಸಿದರೆ ಅದು ‘ಬಿಡುವಿನ ವೇಳೆಯ ಸದುಪಯೋಗ’.

ಆ ಬಿಡುವನ್ನು ಸರ್ಕಾರವೇ ಅಳೆದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. (ಆ 88 ನಿಮಿಷದಲ್ಲಿ ಮಾಡಿದ್ದೇನು ಎಂದು ಸಮೀಕ್ಷೆಯವರು ಪಕ್ಕದಲ್ಲೇ ನಿಂತು ನೋಡಿದ್ದರೆ ಚೆನ್ನಾಗಿತ್ತು.) ಐದು ಗಂಟೆಗೆ ಹನ್ನೊಂದೇ ಹನ್ನೊಂದು ನಿಮಿಷ ಕಡಿಮೆ. ಅದು ಮುಗಿದ ಮೇಲೆ ಉಳಿಯುವುದೆಲ್ಲ ಹಪ್ಪಳಕ್ಕೆ ಎಂದು ದೇವರೇ ಮೀಸಲಿಟ್ಟ ಸಮಯ.

ಆ ಸಮಯದಲ್ಲಿ ಆಗುವುದು ಇಷ್ಟೇ. ಬಲಿತ, ಆದರೆ ಹಣ್ಣಾಗದ ಕಾಯಿಯನ್ನೇ ಆರಿಸಬೇಕು. ಕೈಗೆ ಎಣ್ಣೆ ಸವರಿಕೊಂಡು ಮೆಟ್ಟುಗತ್ತಿಯ ಮುಂದೆ ಕೂರಬೇಕು, ಆದರೂ ಮೇಣ ಸಂಜೆಯವರೆಗೆ ಬೆರಳು ಬಿಡುವುದಿಲ್ಲ. ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ರುಬ್ಬಬೇಕು. ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಲ್ಲಿ ಒತ್ತಿ, ಹರಿಯದಂತೆ ಬಿಡಿಸಿ ಚಾಪೆಗೆ ಹಾಕಬೇಕು. ಆಮೇಲೆ ಮಗುಚಬೇಕು, ಕಾಗೆ ಕಾಯಬೇಕು. ಮೇ ತಿಂಗಳ ಮಧ್ಯಾಹ್ನ ಮೋಡ ಕವಿದರೆ ಚಾಪೆ ಸಮೇತ ಓಡಬೇಕು, ಮೋಡ ಹೋದರೆ ಮತ್ತೆ ಹರವಬೇಕು. ಮರುದಿನ ಇದೇ ಓಟ ಇನ್ನೊಮ್ಮೆ. ಬಿಟ್ಟಿ ಬಿಸಿಲೆಂದರೆ ಇದು.

ಈಗ ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಒಂದು ಬೆಳಗ್ಗೆ 200 ಹಪ್ಪಳ ಆಯಿತು, 25ರ ಎಂಟು ಕಟ್ಟು. ಮೆಣಸು, ಜೀರಿಗೆ, ಉಪ್ಪು, ಎಣ್ಣೆಗೆ 60 ರೂಪಾಯಿ. ಗ್ಯಾಸಿಗೆ 40. ಕವರು, ಲೇಬಲ್ಲು ಸೇರಿ ಕಟ್ಟಿಗೆ 6ರಂತೆ 48. ಒಟ್ಟು 148, ಅಂದರೆ ಕಟ್ಟಿಗೆ ಹದಿನೆಂಟೂವರೆ. ಯಜಮಾನರು ಧಾರಾಳವಾಗಿ 20 ಎಂದು ಹಿಡಿದು 60ಕ್ಕೆ ಮಾರಿಸುತ್ತಾರೆ. ‘ಒಂದಕ್ಕೆ ಮೂರು! ಅಡಿಕೆಯಲ್ಲೂ ಇಷ್ಟು ಹುಟ್ಟೋದಿಲ್ಲ ಮಾರಾಯ್ರೆ’ ಎಂದು ಸೊಸೈಟಿಯ ಕಟ್ಟೆಯ ಮೇಲೆ ಹೇಳಿ ಬರುತ್ತಾರೆ. ಹಪ್ಪಳಕ್ಕೆ ಜಿಎಸ್‌ಟಿಯೂ ಇಲ್ಲ, ಸರ್ಕಾರವೂ ಅವರ ಖುಷಿಗೆ ಒಂದು ಸೊನ್ನೆ ಸೇರಿಸಿದೆ.

ಅಂಗಡಿಯವನು ಮಾತ್ರ ಸೊನ್ನೆಯ ಪಂಥಕ್ಕೆ ಸೇರಿದವನಲ್ಲ. ಮಾರುವ ಬೆಲೆಯಲ್ಲಿ ಅವನಿಗೆ ನೂರಕ್ಕೆ 25, ಅದೂ ಮಾಲು ಖರ್ಚಾದ ಮೇಲೆ ದುಡ್ಡು. ಕೈಗೆ ಬಂದದ್ದು 45. ಖರ್ಚು ಕಳೆದರೆ ಕಟ್ಟಿಗೆ ಇಪ್ಪತ್ತಾರೂವರೆ, ಎಂಟು ಕಟ್ಟಿಗೆ 212. ಅತ್ತೆ, ಸೊಸೆ, ಪಕ್ಕದ ಮನೆಯ ಅಕ್ಕ ಮೂವರೂ ತಲಾ ಮೂರು ಗಂಟೆ ಕೂತಿದ್ದಾರೆ, ಒಟ್ಟು ಒಂಬತ್ತು ಗಂಟೆ. ಒಣಗಿಸಿದ್ದು, ಕಾಗೆ ಕಾಯ್ದದ್ದು ಬಿಟ್ಟೇ ಬಿಡಿ. ಗಂಟೆಗೆ ಇಪ್ಪತ್ತಮೂರೂವರೆ ರೂಪಾಯಿ ಬಿತ್ತು. ಯಜಮಾನರು ಲಾಭ ಎಂದು ಕುಣಿದದ್ದು ಈ ಮೂವರ ಕೂಲಿಯನ್ನು, ಅದೂ ಅರ್ಧಕ್ಕಿಂತ ಕಡಿಮೆ ಕೂಲಿಯನ್ನು. ಎಂಟು ಗಂಟೆಯ ದಿನಕ್ಕೆ 400 ಎಂದಿಟ್ಟರೂ ಗಂಟೆಗೆ 50 ಆಗುತ್ತದೆ. ಒಂಬತ್ತು ಗಂಟೆಗೆ 450. ಅದನ್ನು 148ಕ್ಕೆ ಕೂಡಿಸಿದರೆ ಕಟ್ಟಿನ ಅಸಲು ಸುಮಾರು 75. ಅಂಗಡಿಯ ಪಾಲು ಹೋಗಿ ಕೈಗೆ 75 ಬರಬೇಕಾದರೆ ಬೆಲೆ 100 ಇರಬೇಕು. 75ಕ್ಕೆ ಅದರ ಶೇಕಡ 25 ಸೇರಿಸಿ 94 ಎಂದು ಬರೆದವರೂ ಮುಳುಗಿದರು, ಅಂಗಡಿಯವನು ಲೆಕ್ಕ ಹಾಕುವುದು ಮೇಲಿನಿಂದ ಕೆಳಕ್ಕೆ. 100 ಇಟ್ಟರೂ ಹಲಸಿನ ಕಾಯಿಗೆ, ಮುರಿದ ಹಪ್ಪಳಕ್ಕೆ, ಸುಟ್ಟುಹೋದ ಮಿಕ್ಸಿಗೆ, ‘ರುಚಿ ನೋಡಿ’ ಎಂದು ಹಂಚಿದ ಕಟ್ಟುಗಳಿಗೆ ಕಾಸೂ ಇಲ್ಲ. ಲಾಭ ಎಂಬ ಪದಾರ್ಥ ಇನ್ನೂ ಊರಿಗೇ ಬಂದಿಲ್ಲ.

ಈ ಉದ್ದಿಮೆಯಲ್ಲಿ ಯಾರಿಗೂ ಕೂಲಿ ಇಲ್ಲ ಎಂದುಕೊಂಡರೆ ತಪ್ಪು. ಲೇಬಲ್ಲಿಗೆ ಅಜ್ಜಿಯ ಚಿತ್ರ ಬರೆದ ಹುಡುಗ ದುಡ್ಡು ಎಣಿಸಿಕೊಂಡ, ಅಜ್ಜಿಗೆ ಒಂದು ಪೈಸೆ ಇಲ್ಲ. ಆಹಾರ ಸುರಕ್ಷತೆಯ ನೋಂದಣಿಗೆ ಅರ್ಜಿ ತುಂಬಿದವನು ಸರ್ಕಾರಿ ಶುಲ್ಕಕ್ಕಿಂತ ಹೆಚ್ಚು ತನ್ನ ಶುಲ್ಕ ತೆಗೆದುಕೊಂಡ. ‘ಮಹಿಳಾ ಉದ್ಯಮಿಯ ಮನೋಬಲ’ ಎಂದು ಉಪನ್ಯಾಸ ಕೊಟ್ಟವರು ಲಕೋಟೆ ಪಡೆದು, ಎರಡು ಕಟ್ಟು ಹಪ್ಪಳವನ್ನೂ ಚೀಲಕ್ಕೆ ಹಾಕಿಕೊಂಡರು. ಹಪ್ಪಳ ಒತ್ತಿದವಳಿಗೆ ಸಿಕ್ಕಿದ್ದು ಸ್ವಾವಲಂಬನೆ.

ಬ್ಯಾಂಕಿಗೆ ಹೋದ ದಿನ ಒಂದು ಪವಾಡ ನಡೆಯುತ್ತದೆ. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ ಒಂದಿದೆ, 2020ರಲ್ಲಿ ಬಂದದ್ದು. ಸಾಲದ ಜೊತೆ ಯೋಜನಾ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ ಸಹಾಯಧನ. ಅದಕ್ಕೆ ಪ್ರಾಜೆಕ್ಟ್ ರಿಪೋರ್ಟು ಬೇಕು, ರಿಪೋರ್ಟಿನಲ್ಲಿ ಕಾರ್ಮಿಕರ ಕಾಲಮ್ಮು ಇರುತ್ತದೆ. ನಿನ್ನೆಯವರೆಗೆ ‘ಮನೇಲಿ ಸುಮ್ಮನೆ ಕೂತಿರ್ತಾಳೆ’ ಎನ್ನಿಸಿಕೊಂಡವಳು ಆ ಕಾಗದದಲ್ಲಿ ‘ನುರಿತ ಕಾರ್ಮಿಕರು: ಒಬ್ಬರು’ ಆಗುತ್ತಾಳೆ. ತಿಂಗಳ ಸಂಬಳವೂ ಟೈಪಾಗುತ್ತದೆ. ಸಾಲ ಮಂಜೂರಾಗಿ ಫೈಲು ಮುಚ್ಚಿದ ಮೇಲೆ ಅವಳು ಮತ್ತೆ ಸುಮ್ಮನೆ ಕೂರಲು ಮನೆಗೆ ಬರುತ್ತಾಳೆ.

ಓದಿದ ಮಗ ಇದ್ದರೆ ಇನ್ನೊಂದು ತೊಡಕು. ಮಾಲೀಕ ತನಗೆ ತಾನೇ ಕೊಟ್ಟುಕೊಂಡ ಸಂಬಳವನ್ನು ಆದಾಯ ತೆರಿಗೆಯವರು ಖರ್ಚೆಂದು ಒಪ್ಪುವುದಿಲ್ಲ ಎಂದು ಅವನು ಎಲ್ಲೋ ಓದಿರುತ್ತಾನೆ. ಮಾತು ನಿಜ. ಆದರೆ ಅದು ತೆರಿಗೆ ಕಟ್ಟುವ ಲೆಕ್ಕ, ಬೆಲೆ ಕಟ್ಟುವ ಲೆಕ್ಕವಲ್ಲ. ‘ಆಯಿ, ನಿನ್ನ ಹೆಸರಲ್ಲಿ ಉದ್ಯಮ ಇರೋದ್ರಿಂದ ಕಾನೂನು ಪ್ರಕಾರವೇ ನಿನಗೆ ಸಂಬಳ ಇಲ್ಲ’ ಎಂದು ಅವನು ತಾಯಿಗೆ ವಿವರಿಸುವುದನ್ನು ಕೇಳಿದರೆ ಕಾಲೇಜಿನ ಫೀಸು ವಾಪಸು ಕೇಳಬೇಕು ಅನ್ನಿಸುತ್ತದೆ.

ಮಹಿಳಾ ದಿನದ ಭಾಷಣದಲ್ಲಿ ಲಿಜ್ಜತ್ ಹಪ್ಪಳದ ಕತೆ ಬಂದೇ ಬರುತ್ತದೆ. 1959ರ ಮಾರ್ಚ್ 15, ಮುಂಬೈಯ ಗಿರ್ಗಾಂವ್, ಏಳು ಹೆಂಗಸರು, 80 ರೂಪಾಯಿ ಸಾಲ. ಇಲ್ಲಿಗೆ ಚಪ್ಪಾಳೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಹಿಟ್ಟು ಮನೆಗೆ ಒಯ್ದು ಲಟ್ಟಿಸಿ ತಂದವಳಿಗೆ ಕಿಲೋ ಲೆಕ್ಕದಲ್ಲಿ ಲಟ್ಟಿಸಿದ ಕೂಲಿ ಸಿಗುತ್ತದೆ. ಆಕೆ ಸಂಸ್ಥೆಯ ಒಡತಿಯೂ ಹೌದು, ಆದ್ದರಿಂದ ಕೂಲಿ ಬೇಡ ಎಂದು ಯಾರೂ ಅನ್ನುವುದಿಲ್ಲ. ಕೂಲಿ ಹೋಗಿ ಉಳಿದದ್ದು ಲಾಭ, ಅದರಲ್ಲೂ ಪಾಲು. ಈ ಭಾಗ ಭಾಷಣಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಕೂತ ಯಜಮಾನರಿಗೆ ಕೆಮ್ಮು ಶುರುವಾದೀತು.

ಇನ್ನು ಬೆಂಗಳೂರಿನ ಗಿರಾಕಿ. ಅರ್ಧ ಗಂಟೆಯ ಮೀಟಿಂಗನ್ನೂ ಟೈಮ್‌ಶೀಟಿಗೆ ಏರಿಸಿ ಅಮೆರಿಕದ ಕಂಪನಿಗೆ ಬಿಲ್ಲು ಕಳಿಸುವ ಕೆಲಸ ಅವನದು. ಹಲಸಿನ ಮೇಳದಲ್ಲಿ ಕಟ್ಟು ಎತ್ತಿ ನೋಡುತ್ತಾನೆ. ‘ನೂರಾ? ಏನಕ್ಕಾ, ಹಲಸು ನಿಮ್ಮೂರಲ್ಲಿ ದನಕ್ಕೆ ಹಾಕ್ತಾರಲ್ಲ!’ ಮನೆಯಲ್ಲಿ ಕೈಯಿಂದಲೇ ಮಾಡಿದ್ದು ಎಂದರೆ ಅವನ ಕಣ್ಣು ಅರಳುತ್ತದೆ. ಕೈಯಿಂದ ಮಾಡಿದ್ದಕ್ಕೇ ನೂರು ಎಂದರೆ ಕಟ್ಟು ಕೆಳಗಿಳಿಯುತ್ತದೆ.

ಸೊಸೆ ಇದನ್ನೆಲ್ಲ ನೋಡಿ ಒಂದು ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದಳು. ಮೆಣಸು ಇಷ್ಟು, ಕವರು ಇಷ್ಟು, ನಮ್ಮ ಮೂವರ ಕೂಲಿ ಇಷ್ಟು, ಅಂಗಡಿಗೆ ಇಷ್ಟು. ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿದರು. ಕೂಡಿಸಿದ್ದರಲ್ಲಿ ತಪ್ಪು ಸಿಗಲಿಲ್ಲ.

‘ಇದು ಪೂರ್ತಿ ಲಾಸು ಕಣೇ ತಂಗಿ. ಈ ಕೂಲಿಗೆ ಹಪ್ಪಳ ಮಾಡಿ ಉದ್ಧಾರ ಆದವರಿಲ್ಲ. ಮಾರೋದು ಗೀರೋದು ಬೇಡ, ನಿಲ್ಲಿಸಿಬಿಡಿ’ ಎಂದರು. ಕವಳಕ್ಕೆ ಸುಣ್ಣ ಸವರುತ್ತ, ‘ಮನೆಗೆ, ನೆಂಟರಿಗೆ, ಬೆಂಗಳೂರಿನ ಮಕ್ಕಳಿಗೆ ಅಂತ ಒಂದು ಎರಡು ಸಾವಿರ ಮಾಡಿಕೊಳ್ಳಿ, ಅಷ್ಟು ಸಾಕು. ಅದಕ್ಕೆ ಹೆಂಗೂ ಖರ್ಚಿಲ್ಲ.’